ಮೈಸೂರು ಅರಮನೆಯ ಪಿಯಾನೊ: ಒಂದು ವಾದ್ಯ ಬೆಳೆಸಿದ ಬಾಂಧವ್ಯಗಳು

೧

ಬೆಂಗಳೂರಿನ ದಕ್ಷಿಣಭಾಗದಲ್ಲಿರುವ ಜಯನಗರಕ್ಕೆ ೧೯೪೮ರಲ್ಲಿ ಅಸ್ತಿಭಾರ ಬಿದ್ದಿತು. ಅಂದು ಭಾರತದ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರ್ಯರ ಹಸ್ತದಿಂದ ಆ ಕಾರ್ಯ ನೆರವೇರಿತು. ಅದರ ಸ್ಮಾರಕವಾದ ಅಶೋಕಸ್ತಂಭವು ಇಂದಿಗೂ ಬಡಾವಣೆಯ ಹೆಬ್ಬಾಗಿಲಿನಂತೆ ನಿಂತಿದೆ. ಬಡಾವಣೆಯ ಹೆಸರು ಆಗ ಮೈಸೂರಿನ ಮಹಾರಾಜರಾಗಿದ್ದ ಶ್ರೀ ಜಯಚಾಮರಾಜೇಂದ್ರ ಒಡೆಯರ ಹೆಸರಿನಿಂದ ಬಂದದ್ದು. ಆ ಹೆಸರನ್ನು ದಿನವೂ ಉಚ್ಚರಿಸುವ ಅಸಂಖ್ಯಾತ ಜನರಲ್ಲಿ ಕೆಲವರಿಗೆ ಒಡೆಯರು ಕೊನೆಯ ಮಹಾರಾಜರೆಂದು ಗೊತ್ತು. ಕೆಲವರಿಗೆ ರಾಜಪ್ರಮುಖರೆಂದು, ರಾಜ್ಯಪಾಲರೆಂದು ಗೊತ್ತು. ಸಂಗೀತಾಭಿಮಾನಿಗಳಿಗೆ 'ಶ್ರೀವಿದ್ಯಾ' ಅಂಕಿತದ ಸಂಸ್ಕೃತ ಕೃತಿಗಳ ವಾಗ್ಗೇಯಕಾರರೆಂದು ಗೊತ್ತು. ಇವೆಲ್ಲಕ್ಕೂ ಮೊದಲು ಅವರು ಒಬ್ಬ ಪಿಯಾನೊ ವಾದಕರಾಗಿದ್ದರು, ಸಭೆಗಳಲ್ಲಿ ಆ ವಾದ್ಯವನ್ನು ನುಡಿಸುವುದನ್ನೇ ಜೀವನದ ಉದ್ಯೋಗವನ್ನಾಗಿ ಮಾಡಿಕೊಳ್ಳಬೇಕೆಂಬ ಹಂಬಲವುಳ್ಳವರಾಗಿದ್ದರು ಎಂಬುದು ಬಲ್ಲವರಿಗೆ ಮಾತ್ರ ಬಲ್ಲ ವಿಷಯ.

ಒಂದು ವಾದ್ಯವನ್ನು ಇತಿಹಾಸದ ಆಧಾರವೆಂದು ಪರಿಗಣಿಸಬಹುದೇ? ಶಾಸನ, ಕಡತ, ಪತ್ರ, ನಾಣ್ಯ ಇವುಗಳನ್ನು ನಾವು ಆಧಾರಗಳೆಂದು ಒಪ್ಪುತ್ತೇವೆ. ಮನೆಯ ಮೂಲೆಯಲ್ಲಿ ನಿಂತಿರುವ ಹಳೆಯ ಪಿಯಾನೊವನ್ನು ಒಪ್ಪುವುದಿಲ್ಲ. ಆದರೆ ಒಂದು ವಸ್ತುವು ಯಾರ ಕೈಯಿಂದ ಯಾರ ಕೈಗೆ ಬಂತು, ಅದರ ನಿಮಿತ್ತ ಯಾರು ಯಾರಿಗೆ ಪರಿಚಿತರಾದರು, ಅದಕ್ಕಾಗಿ ಎಷ್ಟು ಹಣ ವ್ಯಯವಾಯಿತು ಎಂದು ಕೇಳತೊಡಗಿದೊಡನೆಯೇ ಅದು ಮೂಕವಾಗಿ ಉಳಿಯುವುದಿಲ್ಲ. ಮೈಸೂರು ಅರಮನೆಯ ಪಿಯಾನೊವನ್ನು ಕುರಿತು ಇಂಥ ಪ್ರಶ್ನೆಗಳನ್ನು ಹಾಕಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ. ಇಲ್ಲಿ ಪ್ರತಿಪಾದಿಸಲು ಹೊರಟಿರುವ ಅಂಶ ಇಷ್ಟೆ: ಪಿಯಾನೊ ನಮ್ಮ ಸಂಗೀತದೊಳಕ್ಕೆ ಪ್ರವೇಶಿಸಲು ಸಮರ್ಥವಾಗಲಿಲ್ಲ, ಆದರೆ ಬೇರೆ ಯಾವ ರೀತಿಯಿಂದಲೂ ಒಬ್ಬರನ್ನೊಬ್ಬರು ಅರಿಯಲು ಅವಕಾಶವಿಲ್ಲದಿದ್ದ ಮನುಷ್ಯರ ನಡುವೆ ಅದು ಬಾಂಧವ್ಯವನ್ನು ಬೆಳೆಸಿತು. ಆ ಬಾಂಧವ್ಯಕ್ಕೆ ಒಂದು ಬೆಲೆಯೂ ಇತ್ತು. ಅದನ್ನೂ ತೂಗಿ ನೋಡಬೇಕಾದದ್ದು ಇತಿಹಾಸಕಾರನ ಕರ್ತವ್ಯ.

೨

ಯೂರೋಪಿನಿಂದ ಬಂದ ವಾದ್ಯಗಳಲ್ಲಿ ಪಿಟೀಲು ನಮ್ಮ ಸಂಗೀತದಲ್ಲಿ ಸಂಪೂರ್ಣವಾಗಿ ಬೆರೆತುಹೋಗಿದೆ. ಬಾಲುಸ್ವಾಮಿ ದೀಕ್ಷಿತರು, ವಡಿವೇಲು ಮೊದಲಾದವರ ಕಾಲದಿಂದ ಅದು ಕಚೇರಿಯ ಅಂಗವಾಯಿತು. ಮೈಸೂರಿನ ಆಸ್ಥಾನ ವಿದ್ವಾಂಸರಾಗಿದ್ದ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿಗಳನ್ನು ಹೂಡುವಷ್ಟರಮಟ್ಟಿಗೆ ಅದನ್ನು ನಮ್ಮದಾಗಿಸಿಕೊಂಡರು. ಪಿಯಾನೊಗೆ ಈ ಭಾಗ್ಯ ಒದಗಲಿಲ್ಲ. ಏಕೆಂಬುದನ್ನು ವಿಚಾರಮಾಡುವುದು ಅಗತ್ಯ.

ಪಿಯಾನೊದಲ್ಲಿ ಸ್ವರಸ್ಥಾನಗಳು ಸ್ಥಿರವಾಗಿರುವುದರಿಂದ ಅದು ನಮ್ಮ ಸಂಗೀತಕ್ಕೆ ಒಗ್ಗಲಿಲ್ಲವೆಂದು ಸಾಮಾನ್ಯವಾಗಿ ಹೇಳುವುದುಂಟು. ಈ ಮಾತು ಅರ್ಧ ಮಾತ್ರ ಸತ್ಯ. ವೀಣೆಯ ಮೆಟ್ಟಿಲುಗಳೂ ಸ್ಥಿರವಾದವುಗಳೇ: ಸ್ಥಾಯಿಗೆ ಹನ್ನೆರಡರಂತೆ ಎರಡು ಸ್ಥಾಯಿಗಳಿಗೆ ೨೪ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುತ್ತಾರೆ. ವ್ಯತ್ಯಾಸವಿರುವುದು ಮೆಟ್ಟಿಲಿನಲ್ಲಲ್ಲ, ಬೆರಳಿನಲ್ಲಿ. ವೈಣಿಕನ ಬೆರಳು ತಂತಿಯನ್ನು ನೇರವಾಗಿ ಮುಟ್ಟುತ್ತದೆ. ಮೀಟಿದ ಮೇಲೂ ಅದನ್ನು ಎಳೆದು, ಜಾರಿಸಿ, ನಡುಗಿಸಿ ಸ್ವರವನ್ನು ತಿದ್ದುತ್ತದೆ. ಗಮಕ ಹುಟ್ಟುವುದು ಅಲ್ಲಿ. ಪಿಯಾನೊ ವಾದಕನ ಬೆರಳು ತಂತಿಯನ್ನು ಎಂದೂ ಮುಟ್ಟುವುದಿಲ್ಲ. ಅವನು ಒತ್ತುವುದು ಒಂದು ಪಟ್ಟಿಯನ್ನು. ಆ ಪಟ್ಟಿ ಸನ್ನೆಕೋಲಿನಂತೆ ಕೆಲಸಮಾಡಿ, ಉಣ್ಣೆಯ ಹೊದಿಕೆಯುಳ್ಳ ಒಂದು ಪುಟ್ಟ ಸುತ್ತಿಗೆಯನ್ನು ತಂತಿಯತ್ತ ಎಸೆಯುತ್ತದೆ. ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರಿದ ಮೇಲೆ ಆ ನಾದವನ್ನು ನಿಲ್ಲಿಸಬಹುದು, ಉಳಿಯಗೊಡಬಹುದು. ಮೇಲಕ್ಕಾಗಲಿ ಕೆಳಕ್ಕಾಗಲಿ ಬಾಗಿಸಲು ಸಾಧ್ಯವಿಲ್ಲ. ಕ್ರಿಸ್ತಶಕ ೧೭೦೦ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬಾತನು ಈ ಯಂತ್ರವನ್ನು ರಚಿಸಿದಾಗ, ಒಂದೇ ಪಟ್ಟಿಯಿಂದ ಮೃದುವಾಗಿಯೂ ಗಟ್ಟಿಯಾಗಿಯೂ ನಾದವನ್ನು ಹೊರಡಿಸುವುದು ಅವನ ಗುರಿಯಾಗಿತ್ತು, ಸ್ವರವನ್ನು ಬಾಗಿಸುವುದಾಗಿರಲಿಲ್ಲ. ವೇಂಕಟಮಖಿಯ ಪದ್ಧತಿಯ ೭೨ ಮೇಳಗಳ ಆರೋಹಣ ಅವರೋಹಣಗಳನ್ನು ಪಿಯಾನೊ ಒಪ್ಪಿಸಬಲ್ಲುದು, ರಾಗವನ್ನು ಹಾಡಲಾರದು. ಇದೇ ಕಾರಣದಿಂದ, ಪಿಯಾನೊದ ದಾಯಾದಿಯೆನ್ನಬಹುದಾದ ಹಾರ್ಮೋನಿಯಮನ್ನು ಆಲ್ ಇಂಡಿಯಾ ರೇಡಿಯೊ ೧೯೪೦ರಲ್ಲಿ ತನ್ನ ನಿಲಯಗಳಿಂದ ದೂರವಿಟ್ಟಿತು.

ವಾದ್ಯದ ಗಾತ್ರವೂ ಅದರ ಸಂಚಾರಕ್ಕೆ ಅಡ್ಡಿಯಾಗಿತ್ತು. ದೊಡ್ಡ ಪಿಯಾನೊದಲ್ಲಿ ಇನ್ನೂರಕ್ಕೂ ಹೆಚ್ಚು ತಂತಿಗಳಿದ್ದು, ಅವುಗಳ ಒಟ್ಟು ಬಿಗಿತ ಸುಮಾರು ೨೦ ಟನ್ನುಗಳಷ್ಟಿರುತ್ತದೆ. ಅದನ್ನು ತಡೆಯುವುದಕ್ಕಾಗಿ ಎರಕದ ಕಬ್ಬಿಣದ ಚೌಕಟ್ಟು ಬೇಕು. ನಮ್ಮ ಮಳೆಗಾಲದ ತೇವಕ್ಕೆ ಮರ ಉಬ್ಬಿ ಪಟ್ಟಿಗಳು ಸಿಕ್ಕಿಕೊಳ್ಳುತ್ತವೆ; ಬೇಸಗೆಯಲ್ಲಿ ನಾದಫಲಕ ಬಿರಿಯುತ್ತದೆ; ಗೆದ್ದಲಿನ ಭಯ ವರ್ಷವಿಡೀ ಇರುತ್ತದೆ. ಆದಕಾರಣ ಯೂರೋಪಿನ ತಯಾರಕರು ಉಷ್ಣದೇಶಗಳಿಗೆಂದೇ ಅಂಟಿನ ಬದಲು ತಿರುಪುಗಳಿಂದ ಬಿಗಿದ ಪಿಯಾನೊಗಳನ್ನು ತಯಾರಿಸಿ ಕಳುಹಿಸುತ್ತಿದ್ದರು.

ಹೀಗಾಗಿ ಬೆಂಗಳೂರಿನಲ್ಲಿ ಪಿಯಾನೊ ಬಹುಕಾಲ ದಂಡುಪ್ರದೇಶದ ವಾದ್ಯವಾಗಿ ಉಳಿಯಿತು. ೧೮೦೯ರಲ್ಲಿ ಸ್ಥಾಪಿತವಾದ ದಂಡಿನ ಇಗರ್ಜಿ, ಕ್ಲಬ್ಬು, ಶಾಲೆ, ಬಂಗಲೆಗಳು ಅದರ ನೆಲೆಗಳು. ಹಳೆಯ ಊರಿನ ಕಡೆ, ಚಾಮರಾಜಪೇಟೆ ಬಸವನಗುಡಿಗಳಲ್ಲಿ, ವೀಣೆ ಪಿಟೀಲುಗಳ ರಾಜ್ಯ. ಒಂದೇ ಊರಿನ ಎರಡು ಭಾಗಗಳಿಗೆ ಎರಡು ಪೌರಾಡಳಿತಗಳಿದ್ದಂತೆ ಎರಡು ಶ್ರುತಿಗಳೂ ಇದ್ದುವು. ೧೯೪೭ರ ಜುಲೈ ತಿಂಗಳಲ್ಲಿ ದಂಡುಪ್ರದೇಶವು ಮೈಸೂರಿಗೆ ಹಿಂತಿರುಗಿ, ೧೯೪೯ರಲ್ಲಿ ಎರಡು ಪುರಸಭೆಗಳೂ ಒಂದು ಕಾರ್ಪೊರೇಷನ್ ಆದಮೇಲೆ ಆಡಳಿತ ಒಂದಾಯಿತು. ಅಭಿರುಚಿಗಳು ಬೆರೆಯುವುದಕ್ಕೆ ಇನ್ನೂ ಹೆಚ್ಚು ಕಾಲ ಹಿಡಿಯಿತು. ಈ ಎರಡು ಲೋಕಗಳನ್ನೂ ಒಂದೇ ಸೂರಿನಡಿ ಮೊದಲೇ ಕೂಡಿಸಿಕೊಂಡಿದ್ದ ಸ್ಥಳವೆಂದರೆ ಮೈಸೂರಿನ ಅರಮನೆ.

೩

ಅರಮನೆಯಲ್ಲಿ ಪಾಶ್ಚಾತ್ಯ ಸಂಗೀತವು ಜಯಚಾಮರಾಜೇಂದ್ರ ಒಡೆಯರಿಂದ ಆರಂಭವಾದುದಲ್ಲ. ಅವರ ದೊಡ್ಡಪ್ಪಂದಿರಾದ ನಾಲ್ವಡಿ ಕೃಷ್ಣರಾಜ ಒಡೆಯರು ದೇಶೀಯ ವಾದ್ಯಗಳೊಡನೆ ಪಾಶ್ಚಾತ್ಯ ವಾದ್ಯಗಳನ್ನೂ ನುಡಿಸಬಲ್ಲವರಾಗಿದ್ದರು. ಅವರ ಕಾಲದಲ್ಲಿ ಅರಮನೆಯ ಆಶ್ರಯದಲ್ಲಿ ಕರ್ಣಾಟಕ ವಾದ್ಯವೃಂದವೂ ಇಂಗ್ಲಿಷ್ ಬ್ಯಾಂಡೂ ಜೊತೆಜೊತೆಯಾಗಿ ಬೆಳೆದುವು. ಜರ್ಮನಿಯ ಒಟ್ಟೊ ಸ್ಮಿಟ್ ಪಾಶ್ಚಾತ್ಯ ವಾದ್ಯವೃಂದದ ನಿರ್ದೇಶಕನಾಗಿದ್ದನು; ವೀಣೆ ವೆಂಕಟಗಿರಿಯಪ್ಪನವರು ವಾದ್ಯವೃಂದಕ್ಕೆ ಹೊಂದುವ 'ನಗ್ಮಾ'ಗಳನ್ನು ರಚಿಸಿದರು. ವೈಣಿಕಶಿಖಾಮಣಿ ಶೇಷಣ್ಣನವರು ವೀಣೆಯಲ್ಲದೆ ಸ್ವರಬತ್, ಜಲತರಂಗ, ಪಿಟೀಲು ಮೊದಲಾದವುಗಳ ಜೊತೆಗೆ ಪಿಯಾನೊವನ್ನೂ ನುಡಿಸಬಲ್ಲವರಾಗಿದ್ದರೆಂದು ಪ್ರಸಿದ್ಧಿಯಿದೆ. ಇದರ ಅರ್ಥ ಶೇಷಣ್ಣನವರು ವೀಣೆಗೆ ಪಿಯಾನೊವನ್ನು ಸಮಾನವೆಂದು ಎಣಿಸಿದರೆಂದಲ್ಲ. ಪರದೇಶದ ಯಂತ್ರವೊಂದು ಎದುರಿಗೆ ಬಂದಾಗ ದೊಡ್ಡ ವಿದ್ವಾಂಸರು ಅದಕ್ಕೆ ಹೆದರಲೂ ಇಲ್ಲ, ಮರುಳಾಗಲೂ ಇಲ್ಲ ಎಂದು. ಈ ಆರೋಗ್ಯಕರವಾದ ಕುತೂಹಲವೇ ಮೈಸೂರಿನ ಸಂಗೀತಪರಂಪರೆಯ ಲಕ್ಷಣಗಳಲ್ಲಿ ಒಂದು.

ಜಯಚಾಮರಾಜೇಂದ್ರ ಒಡೆಯರು ಜನಿಸಿದ್ದು ೧೯೧೯ರ ಜುಲೈ ೧೮ರಂದು, ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಪುತ್ರರಾಗಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ವ್ಯಾಸಂಗ ಮಾಡಿ ೧೯೩೮ರಲ್ಲಿ ಪದವೀಧರರಾದರು. ಮರುವರ್ಷ ಯೂರೋಪಿನ ಪ್ರವಾಸ ಮಾಡಿದರು. ಪಿಯಾನೊ ವಾದನದಲ್ಲಿ ಅವರದು ಅರಸುಮಕ್ಕಳ ವಿನೋದವಾಗಿರಲಿಲ್ಲ. ಅದು ಕ್ರಮವಾದ ಶಿಕ್ಷಣ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಅವರಿಗೆ ದೊರೆಯಿತು. ಅದೇ ನಗರದ ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ತನ್ನ ಗೌರವ ಸದಸ್ಯರನ್ನಾಗಿ ಮಾಡಿಕೊಂಡಿತು. ಆದರೆ ೧೯೪೦ರ ಮಾರ್ಚ್ ತಿಂಗಳಲ್ಲಿ ತಂದೆಯವರೂ, ಆಗಸ್ಟ್ ೩ರಂದು ದೊಡ್ಡಪ್ಪಂದಿರೂ ತೀರಿಕೊಂಡರು. ಸೆಪ್ಟೆಂಬರ್ ೮ರಂದು ಇಪ್ಪತ್ತೊಂದು ವರ್ಷದ ತರುಣರು ಸಿಂಹಾಸನವನ್ನೇರಬೇಕಾಯಿತು. ಸಭಾವಾದಕನ ಜೀವನವನ್ನು ಕೈಬಿಟ್ಟದ್ದು ಅಂದೇ.

ರಾಜ್ಯ ದೊರೆತದ್ದಕ್ಕಾಗಿ ಒಬ್ಬನು ನಷ್ಟಹೊಂದಿದನೆನ್ನುವುದು ವಿಚಿತ್ರವಾಗಿ ಕೇಳಬಹುದು. ಆದರೂ ಮುಂದಿನ ದಶಕದಲ್ಲಿ ನಡೆದದ್ದನ್ನು ಅರಿಯಲು ಈ ನಷ್ಟವನ್ನು ಮರೆಯಲಾಗದು. ತಾನು ಏರಲಾಗದ ವೇದಿಕೆಯ ಮೇಲೆ ಇತರರನ್ನು ಏರಿಸುವುದು ಆ ಹಂಬಲಕ್ಕೆ ಉಳಿದ ಒಂದೇ ದಾರಿಯಾಗಿತ್ತು.

೪

ಆ ದಾರಿಯಲ್ಲಿ ಮೊದಲು ಎದುರಾದವನು ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತರಚನಕಾರ. ೧೮೮೦ರಲ್ಲಿ ಮಾಸ್ಕೊ ನಗರದಲ್ಲಿ ಹುಟ್ಟಿದ ಈತನು ತಾನೂ ಪಿಯಾನೊ ವಾದಕ. ಅವನ ರಚನೆಗಳಲ್ಲಿ ಪಿಯಾನೊ ಇಲ್ಲದುದು ಒಂದೂ ಇಲ್ಲವೆನ್ನಬಹುದು. ಸುಪ್ರಸಿದ್ಧನಾದ ರಖ್ಮಾನಿನೊಫ್ ಅವನ ಆಪ್ತಮಿತ್ರ. ಇಬ್ಬರೂ ತಮ್ಮ ಒಂದೊಂದು ಪಿಯಾನೊ ಕಂಚೆರ್ಟೊವನ್ನು ಪರಸ್ಪರ ಅರ್ಪಿಸಿಕೊಂಡಿದ್ದರು. ಕ್ರಾಂತಿಯ ಬಳಿಕ, ೧೯೨೧ರಲ್ಲಿ, ಮೆಟ್ನರ್ ಸ್ವದೇಶವನ್ನು ಬಿಟ್ಟು, ಜರ್ಮನಿ ಫ್ರಾನ್ಸುಗಳಲ್ಲಿ ಅಲೆದು, ೧೯೩೦ರ ದಶಕದ ಮಧ್ಯದಲ್ಲಿ ಲಂಡನ್ನಿನಲ್ಲಿ ನೆಲೆಸಿದನು. ಕಾಲದ ರುಚಿಗೆ ಅವನು ಹಳಬನಾಗಿ ಕಂಡನು. ಎರಡನೆಯ ಮಹಾಯುದ್ಧ ಆರಂಭವಾದೊಡನೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಆದಾಯವೂ ನಿಂತುಹೋಯಿತು; ಆರೋಗ್ಯ ಕೆಟ್ಟಿತು. ಎಡ್ನ ಐಲ್ಸ್ ಎಂಬ ಇಂಗ್ಲಿಷ್ ಪಿಯಾನೊ ವಾದಕಿ ಯುದ್ಧಕಾಲದಲ್ಲಿ ಅವನನ್ನೂ ಅವನ ಪತ್ನಿಯನ್ನೂ ತನ್ನ ಮನೆಯಲ್ಲಿಟ್ಟುಕೊಂಡು ಸಲಹಿದಳು. ಹೀಗೆ ಪರಾಶ್ರಯದಲ್ಲಿದ್ದಾಗಲೇ ಅವನು ತನ್ನ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಮುಗಿಸಿ, ೧೯೪೪ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ತಾನೇ ನುಡಿಸಿದನು.

ಮೈಸೂರಿನಲ್ಲಿ ಮೆಟ್ನರನ ರಚನೆಗಳನ್ನು ಅರಿತು ಮೆಚ್ಚಿದ ಒಬ್ಬ ವಾದಕರಿದ್ದರು, ಮತ್ತು ಆ ವಾದಕರು ಮಹಾರಾಜರಾಗಿದ್ದರು. ಯುದ್ಧ ಮುಗಿದ ಬಳಿಕ ಅವರ ದ್ರವ್ಯಸಹಾಯದಿಂದ 'ಮೆಟ್ನರ್ ಸೊಸೈಟಿ' ಸ್ಥಾಪಿತವಾಯಿತು. ಅದರ ಉದ್ದೇಶ, ವೃದ್ಧನಾದ ರಚನಕಾರನು ಬದುಕಿರುವಾಗಲೇ ಅವನ ಸ್ವಂತ ವಾದನವನ್ನು ಧ್ವನಿಮುದ್ರಿಸಿ ಉಳಿಸುವುದು. ೧೯೪೭ರಿಂದ ಮೊದಲಾಗಿ ಅವನ ಮೂರು ಕಂಚೆರ್ಟೊಗಳೂ ಲಂಡನ್ನಿನ ಫಿಲ್ಹಾರ್ಮೊನಿಯ ವಾದ್ಯವೃಂದದ ಸಹಯೋಗದಲ್ಲಿ ಮುದ್ರಿತವಾದುವು. ಬಿಡಿ ಪಿಯಾನೊ ರಚನೆಗಳೂ ಗೀತೆಗಳೂ ಸೇರಿ ಮೂರು ಸಂಪುಟಗಳು ಹೊರಬಿದ್ದುವು. ೧೯೫೦ರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಎಂಬ ಜರ್ಮನ್ ಗಾಯಕಿ ಅವನ ಗೀತೆಗಳನ್ನು ಹಾಡಿದಾಗ ಪಿಯಾನೊದ ಮುಂದೆ ಕುಳಿತಿದ್ದವನು ಸ್ವತಃ ಮೆಟ್ನರ್. ಮರುವರ್ಷ, ೧೯೫೧ರ ನವೆಂಬರಿನಲ್ಲಿ, ಅವನು ತೀರಿಕೊಂಡನು. ಅವನ ಮೂರನೆಯ ಕಂಚೆರ್ಟೊ ಅರ್ಪಿತವಾಗಿರುವುದು ಮೈಸೂರಿನ ಮಹಾರಾಜರಿಗೆ.

ಈ ಧ್ವನಿಮುದ್ರಣಗಳು ನಡೆಯದೆಹೋಗಿದ್ದರೆ ಮೆಟ್ನರನ ಮುದ್ರಿತ ಸ್ವರಲಿಪಿಗಳು ಉಳಿಯುತ್ತಿದ್ದುವು. ಆದರೆ ಮೂರು ಕಂಚೆರ್ಟೊಗಳನ್ನೂ ಅವನೇ ನುಡಿಸಿ ತೋರಿಸಿದ ಸಾಕ್ಷ್ಯ ನಮಗೆ ದೊರೆಯುತ್ತಿರಲಿಲ್ಲ. ಶೇಷಣ್ಣನವರಂಥವರ ವಾದನವನ್ನು ಕೇಳಿದವರ ಬಾಯಿಂದ ಮಾತ್ರ ಅರಿಯಬೇಕಾಗಿರುವ ನಮಗೆ ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದು ಗೊತ್ತು.

ಪ್ರಾಸಂಗಿಕವಾಗಿ ಇಲ್ಲಿ ಇನ್ನೊಂದು ಸಂಬಂಧವನ್ನು ಗಮನಿಸಬಹುದು. ಆ ಕಾಲದ ನಿಮಿಷಕ್ಕೆ ೭೮ ಸುತ್ತಿನ ಗ್ರಾಮಫೋನ್ ತಟ್ಟೆಗಳ ಮುಖ್ಯ ಘಟಕ ಅರಗು. ಜಗತ್ತಿಗೆಲ್ಲ ಅದನ್ನು ಒದಗಿಸುತ್ತಿದ್ದುದು ಹೆಚ್ಚಾಗಿ ಭಾರತವೇ. ಛೋಟಾನಾಗಪುರದ ಕಾಡುಗಳಲ್ಲಿ ಬಡಜನರು ಮರದ ರೆಂಬೆಗಳಿಂದ ಕೆರೆದು ತೆಗೆದ ಅರಗು ಅದು. ಹಳೆಯ ಪಿಯಾನೊಗಳ ಮರದ ಕವಚಕ್ಕೆ ಕನ್ನಡಿಯಂಥ ಹೊಳಪು ಕೊಡುತ್ತಿದ್ದುದೂ ಅದೇ ಅರಗಿನ ಮೆರುಗು. ಬೆಂಗಳೂರು ಮೈಸೂರುಗಳ ನಡುದಾರಿಯಲ್ಲಿರುವ ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸುವ ಅರಗಿಗೂ ಲಂಡನ್ನಿನಲ್ಲಿ ಮೆಟ್ನರನ ನಾದವನ್ನು ಹಿಡಿದಿಟ್ಟ ತಟ್ಟೆಗೂ ಮೂಲದ್ರವ್ಯ ಒಂದೇ. ಅರಸರ ಔದಾರ್ಯವು ದಾಖಲೆಗಳಲ್ಲಿ ನಿಲ್ಲುತ್ತದೆ. ಅರಗು ಕೆರೆದವರ ಶ್ರಮ ನಿಲ್ಲುವುದಿಲ್ಲ. ವಸ್ತುವಿನ ಇತಿಹಾಸವನ್ನು ಬರೆಯುವವನಿಗೆ ಎರಡರ ನೆನಪೂ ಇರತಕ್ಕದ್ದು.

೫

ಮೆಟ್ನರನ ನಿಮಿತ್ತವಾಗಿ ಹುಟ್ಟಿದ ಸಂಬಂಧ ಮತ್ತೊಬ್ಬನೆಡೆಗೆ ಹಬ್ಬಿತು. ಫಿಲ್ಹಾರ್ಮೊನಿಯ ವಾದ್ಯವೃಂದವನ್ನು ೧೯೪೫ರಲ್ಲಿ ಕಟ್ಟಿದವನು ವಾಲ್ಟರ್ ಲೆಗ್ ಎಂಬ ಧ್ವನಿಮುದ್ರಣ ನಿರ್ಮಾಪಕ. ಅವನು ಮಹಾರಾಜರ ಆಹ್ವಾನದ ಮೇಲೆ ಮೈಸೂರಿಗೆ ಬಂದು ಕೆಲವು ವಾರ ತಂಗಿದ್ದನು. ಇನ್ನೂ ಮೂವತ್ತು ತುಂಬದ ಅರಸರ ಬಳಿ ಅಪಾರವಾದ ಧ್ವನಿಮುದ್ರಿಕೆಗಳ ಭಂಡಾರವನ್ನೂ, ಸಭಾವಾದನಕ್ಕೆ ತಕ್ಕ ಹಲವು ದೊಡ್ಡ ಪಿಯಾನೊಗಳನ್ನೂ ಕಂಡುದಾಗಿ ಅವನು ತನ್ನ ಸ್ಮರಣೆಗಳಲ್ಲಿ ತಿಳಿಸಿದ್ದಾನೆ. ಮೂರು ವರ್ಷಗಳ ಕಾಲ ವರ್ಷಕ್ಕೆ ೧೦,೦೦೦ ಪೌಂಡುಗಳಂತೆ ಸಹಾಯಧನ ಕೊಡಲು ಮಹಾರಾಜರು ಒಪ್ಪಿದರೆಂಬುದೂ ಅವನದೇ ಹೇಳಿಕೆ. ಫಿಲ್ಹಾರ್ಮೊನಿಯ ಕಚೇರಿ ಸಂಘಕ್ಕೆ ಅವರು ಪ್ರಥಮ ಅಧ್ಯಕ್ಷರಾದರು. ಆಸ್ಟ್ರಿಯದ ಹರ್ಬರ್ಟ್ ಫಾನ್ ಕರಾಯನ್ ಈ ವೃಂದದ ನಿರ್ದೇಶಕನಾಗಿ ಕೆಲಸಮಾಡಲು ಈ ಧನವು ನೆರವಾಯಿತು. ಬಾಲಕಿರೆಫನ ಮೊದಲನೆಯ ಸಿಂಫನಿ, ರೂಸೆಲನ ನಾಲ್ಕನೆಯ ಸಿಂಫನಿ ಮೊದಲಾದ, ವ್ಯಾಪಾರದೃಷ್ಟಿಯಿಂದ ಯಾರೂ ಮುದ್ರಿಸಲು ಮುಂದಾಗದಿದ್ದ ರಚನೆಗಳು ಮಹಾರಾಜರ ಇಚ್ಛೆಯಂತೆ ಮುದ್ರಣವಾದುವು. ಅವರು ಬರಿಯ ಹಣ ಕೊಟ್ಟು ಸುಮ್ಮನಿದ್ದವರಲ್ಲ. ಹೊಸ ಮುದ್ರಿಕೆಗಳನ್ನು ಕೇಳಿ ತಮ್ಮ ವಿಮರ್ಶೆಯನ್ನು ಲಂಡನ್ನಿಗೆ ಬರೆಯುತ್ತಿದ್ದರು. ಜಗತ್ತೇ ಕೊಂಡಾಡುತ್ತಿದ್ದ ಟಾಸ್ಕನಿನಿಯ ವೇಗ ಅವರಿಗೆ ಹಿಡಿಸಲಿಲ್ಲ.

ಈ ಬಾಂಧವ್ಯಗಳಲ್ಲೆಲ್ಲ ಗಮನಾರ್ಹವಾದುದು ೧೯೫೦ರ ಮೇ ೨೨ರ ಘಟನೆ. ಜರ್ಮನಿಯ ರಚನಕಾರ ರಿಚರ್ಡ್ ಸ್ಟ್ರಾಸ್ ತನ್ನ ೮೪ನೆಯ ವಯಸ್ಸಿನಲ್ಲಿ, ೧೯೪೮ರಲ್ಲಿ, ಸ್ತ್ರೀಕಂಠಕ್ಕೂ ವಾದ್ಯವೃಂದಕ್ಕೂ ಹೊಂದುವಂತೆ ಕೆಲವು ಗೀತೆಗಳನ್ನು ರಚಿಸಿ, ಅವುಗಳನ್ನು ಕೇಳುವ ಮೊದಲೇ ೧೯೪೯ರ ಸೆಪ್ಟೆಂಬರ್ ೮ರಂದು ಮೃತನಾದನು. 'ನಾಲ್ಕು ಕಡೆಯ ಗೀತೆಗಳು' ಎಂದು ಅನಂತರ ಹೆಸರಾದ ಈ ರಚನೆಯ ಪ್ರಥಮ ಪ್ರಯೋಗ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆಯಿತು. ಹಾಡಿದವಳು ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ನಿರ್ದೇಶಿಸಿದವನು ಜರ್ಮನಿಯ ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ನುಡಿಸಿದವರು ಫಿಲ್ಹಾರ್ಮೊನಿಯದ ಇಂಗ್ಲಿಷ್ ವಾದಕರು. ೪,೮೦೦ ಡಾಲರುಗಳ ಖಾತರಿಯನ್ನು ಕೊಟ್ಟವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರು. ಅವರು ಆ ಸಭೆಗೆ ಹೋಗಲಾಗಲಿಲ್ಲ. ಅದರ ಧ್ವನಿಮುದ್ರಿಕೆ ಮೈಸೂರಿಗೆ ಬಂದಿತು.

ಐದು ವರ್ಷಗಳ ಹಿಂದೆ ಈ ದೇಶಗಳು ಪರಸ್ಪರ ಯುದ್ಧದಲ್ಲಿದ್ದುವೆಂಬುದನ್ನು ಓದುಗರು ನೆನೆಯಬೇಕು. ಯುದ್ಧಕಾಲದ ನಡವಳಿಕೆಗಾಗಿ ಸ್ಟ್ರಾಸ್, ಫುರ್ಟ್‌ವೆಂಗ್ಲರ್, ಫ್ಲಾಗ್‌ಸ್ಟಾಡ್ ಮೂವರೂ ಒಂದಲ್ಲ ಒಂದು ರೀತಿಯ ಆಕ್ಷೇಪಣೆಗೆ ಗುರಿಯಾಗಿದ್ದವರು. ಬಾಂಬುಗಳಿಂದ ಜರ್ಝರಿತವಾಗಿದ್ದ ಲಂಡನ್ನು ಅವರ ಸಂಗೀತವನ್ನು ಕೇಳಿತು, ಮತ್ತು ಅದಕ್ಕೆ ಹೊಣೆನಿಂತವರು ಆ ಲಂಡನ್ನಿನ ಪ್ರಭುತ್ವದಿಂದ ಮೂರು ವರ್ಷಗಳ ಹಿಂದೆಯಷ್ಟೇ ಬಿಡುಗಡೆ ಹೊಂದಿದ್ದ ದೇಶದ ಒಬ್ಬ ರಾಜಪ್ರಮುಖರು.

ಆ ನಾಲ್ಕು ಗೀತೆಗಳಲ್ಲಿ ಒಂದು ಐಶೆನ್‌ಡಾರ್ಫನದು. ಉಳಿದ ಮೂರರ ಕವಿ ಹರ್ಮನ್ ಹೆಸ್ಸೆ. ಈ ಹೆಸ್ಸೆಯ ತಾಯಿ ಹುಟ್ಟಿದ್ದು ೧೮೪೨ರಲ್ಲಿ ನಮ್ಮ ಪಶ್ಚಿಮ ಕರಾವಳಿಯ ತಲಚೇರಿಯಲ್ಲಿ. ತಂದೆಯೂ ಬಾಸೆಲ್ ಮಿಷನ್ನಿನ ಸೇವೆಗಾಗಿ ಇದೇ ಕರಾವಳಿಗೆ ಬಂದಿದ್ದವನು. ತಾಯಿಯ ತಂದೆ, ಮಲಯಾಳ ನಿಘಂಟುಕಾರನಾದ ಹರ್ಮನ್ ಗುಂಡರ್ಟ್, ೧೮೪೩ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ಮೊದಲಿಟ್ಟ ಹರ್ಮನ್ ಮೋಗ್ಲಿಂಗನ ಸಹಾಧ್ಯಾಯಿ. ಮೈಸೂರಿನ ಹಣ ಹೆಸ್ಸೆಯ ಕವಿತೆಗಳಿಗೆ ಸಂದದ್ದು ಕೇವಲ ಆಕಸ್ಮಿಕ. ಈ ವಂಶವೃತ್ತಾಂತವು ಅದಕ್ಕೆ ಕಾರಣವೆಂದು ಯಾರೂ ಭ್ರಮಿಸಲಾಗದು. ಆದರೆ ಕಾರಣವಲ್ಲದ ಸಂಬಂಧಕ್ಕೂ ಒಂದು ಪ್ರಯೋಜನವುಂಟು. ಮೈಸೂರಿಗೂ ಯೂರೋಪಿಗೂ ನಡುವಿನ ಹಾದಿ ಲಂಡನ್ನಿನ ಸರ್ಕಾರಿ ಕಚೇರಿಗಳ ಮೂಲಕ ಮಾತ್ರ ಹಾಯುತ್ತಿತ್ತೆಂಬ ನಮ್ಮ ರೂಢಿಯ ಕಲ್ಪನೆಯನ್ನು ಅದು ಸಡಿಲಿಸುತ್ತದೆ.

೬

ಇನ್ನು ಬೆಲೆಯ ಪ್ರಶ್ನೆ. ಮೆಟ್ನರನ ಕಂಚೆರ್ಟೊಗಳ ಮುದ್ರಣ ಆರಂಭವಾದ ೧೯೪೭ನೆಯ ಇಸವಿಯಲ್ಲೇ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ಚಳವಳಿ ನಡೆಯಿತು. ಸೆಪ್ಟೆಂಬರಿನಲ್ಲಿ ಜನ ಸೆರೆಮನೆಗಳನ್ನು ತುಂಬಿದರು; ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂತು. ಇಂಥ ಸಮಯದಲ್ಲಿ ಲಂಡನ್ನಿನ ವಾದ್ಯವೃಂದಕ್ಕೆ ಧನಸಹಾಯ ಮಾಡಿದ್ದು ಉಚಿತವೇ ಎಂದು ವಿದ್ಯಾರ್ಥಿಗಳು ಕೇಳಿದರೆ, ಆ ಪ್ರಶ್ನೆಯನ್ನು ಅರಸಿಕತೆಯೆಂದು ತಳ್ಳಿಹಾಕಲಾಗದು.

ಮೊದಲು ಮೊತ್ತವನ್ನು ನಮ್ಮ ನಾಣ್ಯಕ್ಕೆ ತಿರುಗಿಸಿ ನೋಡೋಣ. ಆಗಿನ ವಿನಿಮಯದಲ್ಲಿ ಒಂದು ಪೌಂಡಿಗೆ ಹದಿಮೂರು ರೂಪಾಯಿ ಐದಾಣೆಗೆ ಸ್ವಲ್ಪ ಮೇಲೆ. ಆದ್ದರಿಂದ ೧೦,೦೦೦ ಪೌಂಡು ಎಂದರೆ ಸುಮಾರು ೧,೩೩,೦೦೦ ರೂಪಾಯಿ. ಸ್ಟ್ರಾಸನ ಗೀತೆಗಳಿಗೆ ಕೊಟ್ಟ ಖಾತರಿಯು ಸುಮಾರು ೨೩,೦೦೦ ರೂಪಾಯಿ. ವಿಲೀನದ ಬಳಿಕ ಮೈಸೂರಿನ ಅರಸರಿಗೆ ನಿಗದಿಯಾದ ರಾಜಧನ ವರ್ಷಕ್ಕೆ ೨೬ ಲಕ್ಷ ರೂಪಾಯಿ. ಈ ಲೆಕ್ಕದಲ್ಲಿ ಫಿಲ್ಹಾರ್ಮೊನಿಯಕ್ಕೆ ಒಪ್ಪಿದ ವಾರ್ಷಿಕ ಸಹಾಯ ಆ ರಾಜಧನದ ಇಪ್ಪತ್ತನೆಯ ಒಂದು ಭಾಗದಷ್ಟಾಗುತ್ತದೆ. ಅರಸರ ಆದಾಯದ ದೃಷ್ಟಿಯಿಂದ ಇದು ವಿನಾಶಕರವಾದ ವೆಚ್ಚವಲ್ಲ. ಹಳ್ಳಿಯ ಪಾಠಶಾಲೆಯ ಉಪಾಧ್ಯಾಯನ ದೃಷ್ಟಿಯಿಂದ ಊಹೆಗೂ ನಿಲುಕದ ಮೊತ್ತ. ಎರಡು ದೃಷ್ಟಿಗಳೂ ನಿಜವೇ.

ಪೋಷಕನ ಔದಾರ್ಯವನ್ನು ಹೊಗಳಿ ಮುಗಿಸುವುದು ಆಸ್ಥಾನಕವಿಯ ಪದ್ಧತಿ. ಅದನ್ನು ದುಂದುವೆಚ್ಚವೆಂದು ಹಳಿದು ಮುಗಿಸುವುದು ವೇದಿಕೆಯ ಭಾಷಣಕಾರನ ಪದ್ಧತಿ. ಇತಿಹಾಸಕಾರನಿಗೆ ಎರಡೂ ಸಲ್ಲವು. ಅವನು ಗಮನಿಸಬೇಕಾದ ಅಂಶಗಳು ಬೇರೆ. ಒಂದನೆಯದಾಗಿ, ಈ ಹಣದಿ�ದ ಆದದ್ದು ಅರಮನೆಯೊಳಗೆ ಉಳಿಯಲಿಲ್ಲ. ಧ್ವನಿಮುದ್ರಿಕೆಗಳ ರೂಪದಲ್ಲಿ ಯಾರು ಬೇಕಾದರೂ ಕೇಳಬಹುದಾದ ಸ್ವತ್ತಾಯಿತು. ಎರಡನೆಯದಾಗಿ, ಅದೇ ಅರಮನೆಯು ಮೈಸೂರು ವಾಸುದೇವಾಚಾರ್ಯರು, ವೆಂಕಟಗಿರಿಯಪ್ಪನವರು, ಚೌಡಯ್ಯನವರು ಮೊದಲಾದ ವಿದ್ವಾಂಸರಿಗೂ ಆಶ್ರಯವಾಗಿತ್ತು. ಒಂದು ಪೋಷಣೆ ಇನ್ನೊಂದನ್ನು ಕಿತ್ತುಕೊಂಡು ನಡೆದದ್ದಲ್ಲ. ಮೂರನೆಯದಾಗಿ, ಈ ವೃತ್ತಾಂತಕ್ಕೆ ಸಾಮಾನ್ಯವಾಗಿ ಉದ್ಧೃತವಾಗುವ ಸಾಕ್ಷ್ಯ ಪಡೆದವರ ಕಡೆಯದು. ಲೆಗ್ ತನ್ನ ಕಥೆಯನ್ನು ತಾನು ಹೇಳಿದ್ದಾನೆ. ಮೆಟ್ನರ್ ತನ್ನ ಕೃತಜ್ಞತೆಯನ್ನು ಅರ್ಪಣೆಯ ಮೂಲಕ ಸೂಚಿಸಿದ್ದಾನೆ. ಕೊಟ್ಟವರ ಕಡೆಯ ಲೆಕ್ಕಪತ್ರಗಳನ್ನು ಇದರ ಪಕ್ಕದಲ್ಲಿಟ್ಟು ಓದುವ ತನಕ ನಮ್ಮ ತೀರ್ಪು ಪೂರ್ಣವಾಗುವುದಿಲ್ಲ.

೭

ಪಿಯಾನೊವನ್ನೇ ನೆಚ್ಚಿದ್ದ ಅರಸರು ಪಟ್ಟಕ್ಕೆ ಬಂದ ಮೇಲೆ ವೆಂಕಟಗಿರಿಯಪ್ಪನವರಿಂದ ವೀಣೆಯನ್ನು ಕಲಿತರು. ವಾಸುದೇವಾಚಾರ್ಯರಲ್ಲಿ ಕೃತಿರಚನೆಯ ಮರ್ಮಗಳನ್ನು ಅಭ್ಯಾಸಮಾಡಿದರು. ಶ್ರೀವಿದ್ಯೋಪಾಸಕರಾಗಿ ೯೪ ಕೃತಿಗಳನ್ನು ರಚಿಸಿದರು. ಇದನ್ನು ಪಶ್ಚಿಮದಿಂದ ಪೂರ್ವಕ್ಕೆ ಮರಳಿದ ಕಥೆಯೆಂದು ಹೇಳುವುದು ಸುಲಭ. ಆದರೆ ಕಾಲಾನುಕ್ರಮವು ಈ ಸುಲಭದ ಕಥೆಯನ್ನು ಸಮರ್ಥಿಸುವುದಿಲ್ಲ. ಪಿಯಾನೊ ಸಂಗೀತಕ್ಕೆ ಅವರು ನೀಡಿದ ಮುಖ್ಯ ನೆರವೆಲ್ಲವೂ ಪಟ್ಟಕ್ಕೆ ಬಂದ ಮೇಲಿನದು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದುದಲ್ಲ; ಎರಡನ್ನೂ ಏಕಕಾಲದಲ್ಲಿ ಹಿಡಿದುದು. ಎರಡನ್ನು ಕಲಸಿ ಮೂರನೆಯದನ್ನು ಮಾಡುವ ಆತುರವೂ ಅವರಿಗಿರಲಿಲ್ಲ. ಅವರ ಕೃತಿಗಳು ಸಂಪ್ರದಾಯಬದ್ಧವಾದ ಕರ್ಣಾಟಕ ಸಂಗೀತವೇ ಹೊರತು ಪಿಯಾನೊದ ಛಾಯೆಯುಳ್ಳವಲ್ಲ. ತಂತಿಯನ್ನು ಮುಟ್ಟದ ವಾದ್ಯ ಒಂದು, ಮುಟ್ಟಿ ತಿದ್ದುವ ವಾದ್ಯ ಇನ್ನೊಂದು ಎಂಬ ಭೇದವನ್ನು ಅವರ ಬೆರಳುಗಳು ಬಲ್ಲುವಾಗಿದ್ದುವು. ಪರಕೀಯವಾದುದನ್ನು ಪರಕೀಯವಾಗಿಯೇ ಪ್ರೀತಿಸಬಹುದೆಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

೧೯೫೬ರ ನವೆಂಬರ್ ೧ರ ತನಕ ರಾಜಪ್ರಮುಖರಾಗಿಯೂ, ಅನಂತರ ಮೈಸೂರು, ಮದರಾಸುಗಳ ರಾಜ್ಯಪಾಲರಾಗಿಯೂ ಸೇವೆ ಸಲ್ಲಿಸಿ, ಅವರು ೧೯೭೪ರ ಸೆಪ್ಟೆಂಬರ್ ೨೩ರಂದು ದಿವಂಗತರಾದರು. ಮೆಟ್ನರನ ಮುದ್ರಿಕೆಗಳು ಮುಂದೆ ಸಾಂದ್ರಮುದ್ರಿಕೆಗಳಾಗಿ ಮರುಹುಟ್ಟು ಪಡೆದು, ಅವನ ಸಂಗೀತದ ಪುನರುಜ್ಜೀವನಕ್ಕೆ ಆಧಾರವಾಗಿವೆ. ಸ್ಟ್ರಾಸನ ಗೀತೆಗಳು ಜಗತ್ತಿನ ಎಲ್ಲ ದೊಡ್ಡ ವೇದಿಕೆಗಳಲ್ಲಿಯೂ ಕೇಳಿಬರುತ್ತಿವೆ. ಬೆಂಗಳೂರಿನಲ್ಲಿ ಪಿಯಾನೊ ಈಗ ದಂಡುಪ್ರದೇಶದ ಸ್ವತ್ತಾಗಿ ಉಳಿದಿಲ್ಲ. ಜಯನಗರ, ಜಯಪ್ರಕಾಶನಗರ, ಬನಶಂಕರಿಗಳ ಮನೆಗಳಲ್ಲಿ ಮಕ್ಕಳು ಸಂಜೆ ಕೀಲಿಮಣೆಯನ್ನು ಅಭ್ಯಾಸಮಾಡಿ, ಟ್ರಿನಿಟಿ ಕಾಲೇಜಿನ ಹೆಸರಿನ ಪರೀಕ್ಷೆಗಳಿಗೆ ಕುಳಿತುಕೊಳ್ಳುತ್ತಾರೆ. ತಮ್ಮ ಬಡಾವಣೆ ಯಾರ ಹೆಸರನ್ನು ಹೊತ್ತಿದೆಯೋ ಅವರನ್ನು ಅದೇ ಕಾಲೇಜು ಗೌರವಿಸಿತ್ತೆಂಬುದನ್ನು ಅವರ ಉಪಾಧ್ಯಾಯರು ಒಮ್ಮೆ ಹೇಳಿಕೊಡುವುದು ಒಳ್ಳೆಯದು.

ಈ ವಿಷಯದಲ್ಲಿ ಮುಂದೆ ನಡೆಯಬೇಕಾದ ಕೆಲಸ ಬಹಳವಿದೆ. ಮೈಸೂರು ಸಂಸ್ಥಾನದಲ್ಲಿದ್ದ ಪಾಶ್ಚಾತ್ಯ ವಾದ್ಯಗಳ ಪಟ್ಟಿಯೊಂದು ಸಿದ್ಧವಾಗಬೇಕು: ಯಾವ ತಯಾರಕನದು, ಯಾವ ಬಂದರಿನಿಂದ ಬಂದದ್ದು, ಯಾರು ದುರಸ್ತಿ ಮಾಡಿದರು, ಯಾರು ಕಲಿಸಿದರು, ಯಾರಿಗೆ ಮಾರಾಟವಾಯಿತು ಎಂಬುದೆಲ್ಲ ಅದರಲ್ಲಿ ದಾಖಲಾಗಬೇಕು. ಹಳೆಯ ಪಿಯಾನೊದ ಒಳಗೆ, ಕಬ್ಬಿಣದ ಚೌಕಟ್ಟಿನ ಮೇಲೆ, ಒಂದು ಅಂಕೆ ಇರುತ್ತದೆ. ಆ ಅಂಕೆಯಿಂದ ಅದರ ಹುಟ್ಟಿದ ವರ್ಷವನ್ನು ತಿಳಿಯಬಹುದು. ಅಲ್ಲಿಂದ ಮುಂದಿನದನ್ನು ಅರಮನೆಯ ಮತ್ತು ಸರ್ಕಾರದ ಕಡತಗಳೂ ಮನೆತನಗಳ ನೆನಪುಗಳೂ ಹೇಳಬೇಕು. ತೇವಕ್ಕೂ ಗೆದ್ದಲಿಗೂ ಸಿಕ್ಕಿ ಈ ವಾದ್ಯಗಳು ವರ್ಷವರ್ಷವೂ ನಶಿಸುತ್ತಿವೆ. ಅವುಗಳನ್ನು ಬಲ್ಲವರೂ ವಿರಳರಾಗುತ್ತಿದ್ದಾರೆ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಈ ಶೋಧನೆಯನ್ನು ಕೈಗೆತ್ತಿಕೊಂಡರೆ, ರಾಜರ ಚರಿತ್ರೆಯೆಂದು ನಾವು ಬದಿಗಿಟ್ಟಿರುವ ಪುಟಗಳಲ್ಲಿ ದುರಸ್ತಿಗಾರರು, ಬ್ಯಾಂಡಿನವರು, ಗುರುಗಳು, ಪರದೇಶಿಗಳು ಎಲ್ಲರ ಹೆಸರುಗಳೂ ಬೆಳಕಿಗೆ ಬಂದಾವು.